ಕೊರಳೆಂಬ ವಾದ್ಯ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಸಾಲಗುಂದವೆಂಬ ಊರಿದೆ. ಅಂತಹ ಊರಿನಲ್ಲಿ ಬೆಳಗಿನ ಹೊತ್ತು ಮನೆಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತು ಕಿವಿಗೊಟ್ಟರೆ ನಮಗೆ ಏನೇನು ಕೇಳಿಸಬಹುದೆಂಬುದನ್ನು ಯೋಚಿಸೋಣ. ಮಸೀದಿಯಿಂದ ಅಜಾನಿನ ಕರೆ ಬರುವುದು. ಗುಡಿಯಲ್ಲಿ ಯಾರೋ ಭಜನೆಯ ಪದವೊಂದನ್ನು ಎತ್ತಿಕೊಳ್ಳುವರು. ಓಣಿಯಲ್ಲಿ ಕಾಯಿಪಲ್ಲೆ ಮಾರುವವಳು ತನ್ನ ಸರಕಿನ ಹೆಸರುಗಳನ್ನು ಒಂದೇ ಧಾಟಿಯಲ್ಲಿ ಸಾರುತ್ತ ಸಾಗುವಳು. ಪಕ್ಕದ ಮನೆಯಲ್ಲಿ ಕೂಸು ಅಳುವುದು. ಅದರ ಅಜ್ಜಿ ತೊಟ್ಟಿಲು ತೂಗುತ್ತ ಜೋಗುಳ ತೆಗೆಯುವಳು. ದೂರದ ಹೊಲದತ್ತ ಹೊರಟ ಮಗನನ್ನು ತಾಯಿಯೊಬ್ಬಳು "ಏ ಬಸ್ಯಾಽಽ" ಎಂದು ಕೂಗುವಳು.

ಇವರಲ್ಲಿ ಯಾರೂ ತಮ್ಮನ್ನು ಸಂಗೀತಗಾರರೆಂದು ಹೇಳಿಕೊಳ್ಳುವುದಿಲ್ಲ. ಆದರೂ ಇವರೆಲ್ಲರ ಕೊರಳಿನಲ್ಲಿ ಏರಿಳಿತವಿದೆ, ಲಯವಿದೆ, ಎಳೆತವಿದೆ. ನಮ್ಮ ಶಾಲೆಯ ವ್ಯಾಕರಣವು ಇದನ್ನು ಬಹು ಹಿಂದೆಯೇ ಗುರುತಿಸಿದೆ. ಹ್ರಸ್ವ ಸ್ವರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮೂರು ಮಾತ್ರೆಗಳವರೆಗೆ ಎಳೆದರೆ ಅದು ಪ್ಲುತ ಎಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪ್ಲುತವು ಎಲ್ಲಿ ಬರುವುದು? ದೂರದಲ್ಲಿರುವವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಎಂದು ವೈಯಾಕರಣರು ಹೇಳುವರು. ಮಾತು ಸಂಗೀತವಾಗಿ ಮಾರ್ಪಡುವ ಮೂರು ಬಾಗಿಲುಗಳನ್ನು ಅವರು ಸರಿಯಾಗಿಯೇ ತೋರಿಸಿದ್ದಾರೆ. ಕೂಗು, ಹಾಡು, ಅಳು ಎಂಬ ಈ ಮೂರನ್ನು ವಿಜ್ಞಾನದ ಬೆಳಕಿನಲ್ಲಿ ನೋಡುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ವಾದ್ಯದ ಪರಿಚಯ ಮಾಡಿಕೊಳ್ಳಬೇಕು.

ವಾದ್ಯದ ರಚನೆ

ಕತ್ತಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿಕೊಂಡು 'ಸ್‌ಸ್‌ಸ್' ಎಂದು ಎಳೆಯಿರಿ. ಬೆರಳಿಗೆ ಏನೂ ತಿಳಿಯದು. ಅಲ್ಲಿಂದಲೇ 'ಆ' ಎಂದು ಎಳೆಯಿರಿ. ಬೆರಳಿನ ಕೆಳಗೆ ಜುಮ್ಮೆನ್ನುವ ಕಂಪನ ತೋರುವುದು. ಅಲ್ಲಿರುವುದೇ ಧ್ವನಿಪೆಟ್ಟಿಗೆ. ಶ್ವಾಸನಾಳದ ಮೇಲ್ತುದಿಯಲ್ಲಿ ಮೃದ್ವಸ್ಥಿಗಳಿಂದ ಕಟ್ಟಿದ ಈ ಪೆಟ್ಟಿಗೆಯೊಳಗೆ ಎರಡು ಮಡಿಕೆಗಳು ಎದುರುಬದುರಾಗಿ ಚಾಚಿಕೊಂಡಿವೆ. ಇವನ್ನೇ ಧ್ವನಿತಂತುಗಳೆಂದು ಕರೆಯುವ ರೂಢಿ; ಆದರೆ ಇವು ವೀಣೆಯ ತಂತಿಗಳಂತೆ ಬಿಗಿದ ಎಳೆಗಳಲ್ಲ, ಸ್ನಾಯುವಿನ ಮೇಲೆ ತೇವವಾದ ಪೊರೆ ಹೊದ್ದ ತುಟಿಗಳಂತಹವು. ವಯಸ್ಕ ಗಂಡಸಿನಲ್ಲಿ ಇವುಗಳ ಉದ್ದ ಸುಮಾರು 2 ಸೆಂಟಿಮೀಟರ್. ಹೆಂಗಸಿನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್.

ನಾವು ಸುಮ್ಮನೆ ಉಸಿರಾಡುವಾಗ ಈ ಮಡಿಕೆಗಳು ದೂರ ಸರಿದು ಗಾಳಿಗೆ ದಾರಿ ಬಿಡುತ್ತವೆ. ಮಾತನಾಡಲು ತೊಡಗಿದಾಗ ಒಂದನ್ನೊಂದು ಮುಟ್ಟುವಂತೆ ಬಳಿಸಾರುತ್ತವೆ. ಶ್ವಾಸಕೋಶದಿಂದ ಬರುವ ಗಾಳಿ ಅವನ್ನು ದೂಡಿ ತೆರೆಯುವುದು. ಅವುಗಳ ಸ್ಥಿತಿಸ್ಥಾಪಕತೆ, ಹರಿವ ಗಾಳಿಯ ಒತ್ತಡದ ಇಳಿತ ಎರಡೂ ಸೇರಿ ಮತ್ತೆ ಮುಚ್ಚುವುವು. ಗಂಡಸಿನ ಸಾಮಾನ್ಯ ಮಾತಿನಲ್ಲಿ ಈ ತೆರೆದು ಮುಚ್ಚುವ ಆಟ ಸೆಕೆಂಡಿಗೆ ಸುಮಾರು 120 ಸಲ ನಡೆಯುವುದು. ಹೆಂಗಸಿನಲ್ಲಿ ಸುಮಾರು 200ಕ್ಕೂ ಹೆಚ್ಚು ಸಲ. ಹರೆಯಕ್ಕೆ ಕಾಲಿಡುವ ಹುಡುಗರ ಧ್ವನಿಪೆಟ್ಟಿಗೆ ಬೇಗಬೇಗನೆ ದೊಡ್ಡದಾಗಿ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುವುದರಿಂದಲೇ 'ಗಂಟಲು ಒಡೆಯುವುದು'. ಹೊಸ ವಾದ್ಯವನ್ನು ನುಡಿಸಲು ಅವರು ಕೆಲಕಾಲ ಕಲಿಯಬೇಕಾಗುವುದು, ಅಷ್ಟೆ; ಅದಕ್ಕೆ ನಾಚಬೇಕಾದುದೇನೂ ಇಲ್ಲ.

ಈ ಕಂಪನಗಳನ್ನು ಕಣ್ಣಾರೆ ಕಾಣಲು ಹವಣಿಸಿ ಗೆದ್ದವನು ಒಬ್ಬ ಸಂಗೀತ ಶಿಕ್ಷಕ. ಲಂಡನ್ನಿನಲ್ಲಿ ನೆಲಸಿದ್ದ ಸ್ಪೇನ್ ಮನೆತನದ ಮಾನ್ಯುವೆಲ್ ಗಾರ್ಸಿಯ 1854ರಲ್ಲಿ ದಂತವೈದ್ಯರ ಸಣ್ಣ ಕನ್ನಡಿಯೊಂದನ್ನು ಬಾಯೊಳಗೆ ಹಿಡಿದು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಾನು ಹಾಡುವಾಗಲೇ ತನ್ನ ಧ್ವನಿತಂತುಗಳ ಚಲನೆಯನ್ನು ನೋಡಿದನು. ಇಂದಿನ ಗಂಟಲು ವೈದ್ಯರ ಪರೀಕ್ಷಾ ಸಾಧನಗಳಿಗೆ ಅದೇ ನಾಂದಿಯಾಯಿತು.

ಆದರೆ ಧ್ವನಿತಂತುಗಳಿಂದ ಹೊರಟ ದನಿ ಬರಿಯ ಗುಂಯ್‌ಗುಡುವಿಕೆ. ಅದರಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಉಪಸ್ವರಗಳೂ ಬೆರೆತಿವೆ. ಇದಕ್ಕೆ 'ಆ', 'ಈ', 'ಊ' ಎಂಬ ರೂಪ ಬರುವುದು ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ. ಧ್ವನಿತಂತುಗಳಿಂದ ತುಟಿಯವರೆಗಿನ ದಾರಿ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್. ಒಂದು ತುದಿ ಮುಚ್ಚಿದ ಇಷ್ಟುದ್ದದ ಕೊಳವೆಯು ತನ್ನ ನಾಲ್ಕರಷ್ಟು, ಎಂದರೆ 68 ಸೆಂಟಿಮೀಟರ್ ಉದ್ದದ ಅಲೆಗೆ ಚೆನ್ನಾಗಿ ಅನುರಣಿಸುವುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿದರೆ 500 ಕಂಪನಗಳೆಂಬ ಉತ್ತರ ಬರುವುದು. ಇದರ ಮೂರರಷ್ಟಾದ 1500, ಐದರಷ್ಟಾದ 2500ರ ಬಳಿಯೂ ಅನುರಣನವುಂಟು. ನಾಲಗೆ, ತುಟಿ, ದವಡೆಗಳನ್ನು ಸರಿಸಿದೊಡನೆ ಕೊಳವೆಯ ಆಕಾರ ಬದಲಾಗಿ ಈ ಶಿಖರಗಳು ಅತ್ತಿತ್ತ ಜರುಗುತ್ತವೆ. ಒಂದೇ ಶ್ರುತಿಯಲ್ಲಿ ನಿಂತು ಆ, ಈ, ಊ ಎಂದು ಬದಲಿಸುತ್ತ ಹೋಗಿರಿ. ಶ್ರುತಿ ಕದಲುವುದಿಲ್ಲ, ಅಕ್ಷರ ಮಾತ್ರ ಬದಲಾಗುವುದು. ಶ್ರುತಿಯು ಧ್ವನಿತಂತುಗಳ ಕೆಲಸ, ಅಕ್ಷರವು ಬಾಯಿಯ ಕೆಲಸ. ಪಿಸುಮಾತಿನಲ್ಲಿ ಅಕ್ಷರಗಳೆಲ್ಲ ಸ್ಪಷ್ಟವಾಗಿದ್ದರೂ ಅದರಲ್ಲಿ ಹಾಡಲು ಬಾರದಿರುವುದಕ್ಕೆ ಕಾರಣವೂ ಇದೇ.

ಕೂಗು

ಸಾಮಾನ್ಯ ಮಾತಿನ ಧ್ವನಿಶಕ್ತಿ ತೀರ ಅಲ್ಪ. ಒಂದು ವಾಟಿನ ಲಕ್ಷದಲ್ಲಿ ಒಂದೆರಡು ಪಾಲು. ಹತ್ತು ಲಕ್ಷ ಜನ ಏಕಕಾಲಕ್ಕೆ ಮಾತನಾಡಿದರೂ ಆ ಶಕ್ತಿಯಿಂದ ಒಂದು ಸಣ್ಣ ದೀಪವನ್ನಷ್ಟೇ ಬೆಳಗಿಸಬಹುದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ತೀಕ್ಷ್ಣತೆ ನಾಲ್ಕನೆಯ ಒಂದಂಶಕ್ಕೆ ಇಳಿಯುವುದು. ಹೀಗಿರಲು ಹೊಲದಾಚೆಯ ಮಗನಿಗೆ ತಾಯಿಯ ಕರೆ ಮುಟ್ಟುವುದು ಹೇಗೆ?

ತಾಯಿ ಗೊತ್ತಿಲ್ಲದೆಯೇ ಮೂರು ಉಪಾಯಗಳನ್ನು ಹೂಡುತ್ತಾಳೆ. ಮೊದಲನೆಯದು, ವ್ಯಂಜನಗಳನ್ನು ಬಿಟ್ಟು ಸ್ವರಾಕ್ಷರವನ್ನು ಎಳೆಯುವುದು. ನಮ್ಮ ದನಿಯ ಶಕ್ತಿಯ ಬಹುಪಾಲು ಸ್ವರಗಳಲ್ಲಿದೆ; ವ್ಯಂಜನಗಳು ದಾರಿಯಲ್ಲೇ ಅಳಿದುಹೋಗುವುವು. ಎರಡನೆಯದು, ಶ್ರುತಿಯನ್ನು ಏರಿಸಿ ಬಾಯನ್ನು ಅಗಲವಾಗಿ ತೆರೆಯುವುದು. ಹೀಗೆ ಗಂಟಲನ್ನು ಬಿಗಿದು ಕೂಗಿದಾಗ ಮೇಲಿನ ಉಪಸ್ವರಗಳು ಬಲಗೊಳ್ಳುತ್ತವೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2000ದಿಂದ 4000 ಕಂಪನಗಳ ನಡುವೆ. ಕೂಗಿನ ಉಪಸ್ವರಗಳು ಅಲ್ಲಿಗೇ ಗುರಿಯಿಟ್ಟಂತೆ ಹೋಗುವುವು. ಮೂರನೆಯದು, ಒಂದೇ ಶ್ರುತಿಯಲ್ಲಿ ನಿಲ್ಲುವುದು. ಗಾಳಿಯ ಸದ್ದು, ಟ್ರ್ಯಾಕ್ಟರಿನ ಗದ್ದಲಗಳ ನಡುವೆಯೂ ಸ್ಥಿರವಾದ ಒಂದು ಸ್ವರವನ್ನು ಕಿವಿ ಹೆಕ್ಕಿ ತೆಗೆಯಬಲ್ಲದು. ಸಿಂಧನೂರಿನ ಬಸ್ ನಿಲ್ದಾಣದಲ್ಲಿ "ಮಸ್ಕಿ, ಮಸ್ಕೀ, ಲಿಂಗಸುಗೂರ್" ಎಂದು ಕೂಗುವ ಕಂಡಕ್ಟರನೂ ಇದೇ ವಿದ್ಯೆಯನ್ನು ಬಲ್ಲವನು. ಅವನು ಊರಿನ ಹೆಸರನ್ನು ಹೇಳುವುದಿಲ್ಲ, ಬಹುಮಟ್ಟಿಗೆ ಹಾಡುತ್ತಾನೆ.

ಆ ಮಸ್ಕಿಯ ಬಂಡೆಯ ಮೇಲಿನ ಬರಹವೂ ಕೊರಳನ್ನೇ ನೆಚ್ಚಿಕೊಂಡದ್ದು. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತಿರುವ ಅಲ್ಲಿನ ಶಾಸನವು ತನ್ನ ಸಂದೇಶವನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕೆಂದು ವಿಧಿಸಿದೆ. ಓದು ಬಲ್ಲವರು ವಿರಳವಾಗಿದ್ದ ಆ ಕಾಲದಲ್ಲಿ ರಾಜಾಜ್ಞೆಯೂ ಜನರ ಕಿವಿಯನ್ನು ಸೇರಬೇಕಾದರೆ ಯಾರಾದರೊಬ್ಬರು ದನಿಯೆತ್ತಿ ನುಡಿಯಬೇಕಾಗಿದ್ದಿತು.

ಹಾಡು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರಿನ ಸೀಮೆ ಭತ್ತದ ನಾಡಾಗುವುದಕ್ಕೆ ಮುಂಚೆ ಇದು ಎರೆಯ ನೆಲದ ಜೋಳದ ನಾಡು. ಜೋಳವೆಂದರೆ ಬೀಸುವ ಕಲ್ಲು. ಬೆಳಕು ಹರಿಯುವ ಮುನ್ನ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು, ಒಂದೇ ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸುವರು. ಕಲ್ಲಿನ ಸುತ್ತಿಗೆ ಹೊಂದಿಕೊಂಡು ತ್ರಿಪದಿಗಳು ಹೊರಡುವುವು. ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ಹಿಡಿದುಕೊಳ್ಳುವಳು.

ಇದು ಬೇಸರ ಕಳೆಯುವ ಉಪಾಯ ಮಾತ್ರವೆಂದು ತಿಳಿಯಬಾರದು. ಇಬ್ಬರು ಒಂದು ಭಾರವನ್ನು ಸೇರಿ ತಿರುಗಿಸಬೇಕಾದರೆ ಇಬ್ಬರ ಬಲವೂ ಒಂದೇ ಗಳಿಗೆಯಲ್ಲಿ ಬೀಳಬೇಕು. ಆ ಗಳಿಗೆಯನ್ನು ಗೊತ್ತುಮಾಡುವುದು ಹಾಡಿನ ಲಯ. ಹಾಡು ಉಸಿರಿಗೂ ಕ್ರಮವನ್ನು ಕಲಿಸುವುದು: ಒಮ್ಮೆಗೆ ಒಳಕ್ಕೆಳೆದುಕೊಂಡ ಗಾಳಿಯನ್ನು ಒಂದು ಸಾಲು ಮುಗಿಯುವವರೆಗೆ ಮಿತವಾಗಿ ಬಿಡಬೇಕಾಗುವುದು. ಕಣದಲ್ಲಿಯೂ ಹೀಗೆಯೇ. ನಡುವೆ ನೆಟ್ಟ ಮೇಟಿಯ ಸುತ್ತ ಎತ್ತುಗಳನ್ನು ಕಟ್ಟಿ ತೆನೆ ತುಳಿಸುತ್ತಿದ್ದಾಗ ಇರುಳೆಲ್ಲ ಗಂಡಸರು ಹಂತಿಯ ಪದಗಳನ್ನು ಹಾಡುತ್ತಿದ್ದರು. ಆ ದನಿ ಎತ್ತುಗಳ ಹೆಜ್ಜೆಯನ್ನು ಒಂದು ಹದದಲ್ಲಿರಿಸಿ, ಹಾಡುವವರ ಕಣ್ಣಿಗೆ ನಿದ್ದೆ ಹತ್ತದಂತೆ ಕಾಯುತ್ತಿದ್ದಿತು.

ಮುಂದೆ ಹಿಟ್ಟಿನ ಗಿರಣಿ ಬಂದಿತು; ರಾಶಿ ಮಾಡುವ ಯಂತ್ರ ಬಂದಿತು. ಇವನ್ನು ಹಳಿಯುವುದು ನ್ಯಾಯವಲ್ಲ. ನಸುಕಿನಲ್ಲೆದ್ದು ದಿನವೂ ಕಲ್ಲು ತಿರುಗಿಸುತ್ತಿದ್ದ ತಾಯಂದಿರ ರಟ್ಟೆಗೆ ಗಿರಣಿಯು ಕೊಟ್ಟ ಬಿಡುವು ಸಣ್ಣ ಉಪಕಾರವೇನೂ ಅಲ್ಲ. ಆದರೆ ಒಂದನ್ನು ನಾವು ಗಮನಿಸಬೇಕು: ಗಿರಣಿಯ ಮುಂದೆ ಬುಟ್ಟಿ ಹಿಡಿದು ನಿಂತವರು ಬೀಸುವ ಪದವನ್ನು ಹಾಡುವುದಿಲ್ಲ. ಹಾಡನ್ನು ಯಾರೂ ನಿಷೇಧಿಸಲಿಲ್ಲ, ಯಾರೂ ಮರೆಯಬೇಕೆಂದು ಬಯಸಲಿಲ್ಲ. ಹಾಡಿನ ಸಂದರ್ಭ ಹೋಯಿತು. ಅದರೊಡನೆ ಹಾಡೂ ಹೋಗತೊಡಗಿತು.

ಅಳು

ಮನುಷ್ಯನ ಮೊದಲ ದನಿಯೇ ಅಳು. ಅದರಲ್ಲಿಯೂ ರಾಗವುಂಟೆಂದರೆ ಆಶ್ಚರ್ಯವಾಗಬಹುದು. ತಾಯಿಯ ದನಿ ಗರ್ಭದಲ್ಲಿರುವ ಕೂಸಿಗೆ ಕೇಳಿಸುತ್ತಿರುವುದು. ಅಕ್ಷರಗಳು ಮಸುಕಾದರೂ ಏರಿಳಿತವು ದಾಟಿ ಹೋಗುವುದು. ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸು ಇತರ ಹೆಂಗಸರ ದನಿಗಿಂತ ತಾಯಿಯ ದನಿಗೆ ಹೆಚ್ಚು ಒಲಿಯುವುದೆಂದು 1980ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಫ್ರೆಂಚ್ ಮನೆಗಳ ನವಜಾತ ಶಿಶುಗಳ ಅಳು ಹೆಚ್ಚಾಗಿ ಏರುವ ಧಾಟಿಯಲ್ಲಿಯೂ, ಜರ್ಮನ್ ಮನೆಗಳ ಶಿಶುಗಳ ಅಳು ಇಳಿಯುವ ಧಾಟಿಯಲ್ಲಿಯೂ ಇರುವುದು ಕಂಡುಬಂದಿತು. ಆ ಭಾಷೆಗಳ ಮಾತಿನ ಏರಿಳಿತವೂ ಹಾಗೆಯೇ ಇದೆ. ಮಾತು ಕಲಿಯುವುದಕ್ಕೆ ಮುಂಚೆಯೇ ಕೂಸು ಮಾತಿನ ರಾಗವನ್ನು ಕಲಿತಿರುವುದೆಂದು ಇದರಿಂದ ಊಹಿಸಬಹುದು.

ಸಾವಿನ ಮನೆಯ ಅಳುವೂ ಬರಿಯ ಬಿಕ್ಕಳಿಕೆಯಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಗುಣಗಳನ್ನೂ, ಅವರೊಡನೆ ಕಳೆದ ದಿನಗಳನ್ನೂ ಒಂದೊಂದಾಗಿ ಹೇಳಿಕೊಂಡು 'ಹಾಡ್ಯಾಡಿ' ಅಳುವುದುಂಟು. ದನಿ ಎತ್ತರದಲ್ಲಿ ಮೊದಲಾಗಿ ಮೆಟ್ಟಿಲಿಳಿದಂತೆ ಇಳಿದು ಉಸಿರಿನೊಡನೆ ಮುಗಿಯುವುದು, ಮತ್ತೆ ಎತ್ತರಕ್ಕೇರುವುದು. ಹೇಳಲಾಗದ ದುಃಖಕ್ಕೆ ಈ ಧಾಟಿ ಒಂದು ಅಚ್ಚನ್ನು ಒದಗಿಸುವುದು. ಈ ಸೀಮೆಯ ಮೊಹರಂ ಕೂಡ ಇದಕ್ಕೆ ದೂರವಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹೆಸರಾದುದು. ಕರ್ಬಲದ ಶೋಕವನ್ನು ಹೇಳುವ ರಿವಾಯತ್ ಪದಗಳನ್ನು ಇಲ್ಲಿ ಹಿಂದೂಗಳೂ ಮುಸಲ್ಮಾನರೂ ಕನ್ನಡದಲ್ಲಿಯೇ ಹಾಡುತ್ತ ಬಂದಿದ್ದಾರೆ.

ಕೊರಳನ್ನೇ ನಂಬಿದ ಒಂದು ಜನಾಂಗ

ಸಂದರ್ಭ ಹೋದರೆ ಹಾಡು ಹೋಗುವುದೆಂದೆವು. ಹಾಗಾದರೆ ಸಂದರ್ಭವನ್ನು ಬಿಡದೆ ಕಾಯ್ದುಕೊಂಡರೆ ಏನಾಗುವುದು? ಇದಕ್ಕೆ ಉತ್ತರವನ್ನು ಯೆಹೂದ್ಯರ ಚರಿತ್ರೆಯಲ್ಲಿ ಕಾಣಬಹುದು.

ಜೆರೂಸಲೇಮಿನ ದೇವಾಲಯದಲ್ಲಿ ವಾದ್ಯಗಳ ಮೇಳವೇ ಇದ್ದಿತು. ಕ್ರಿ.ಶ. 70ರಲ್ಲಿ ರೋಮನರು ಆ ದೇವಾಲಯವನ್ನು ನಾಶಮಾಡಿದರು. ಅದರ ಶೋಕದಿಂದಲೂ, ಸಬ್ಬತ್ ಎಂಬ ವಿಶ್ರಾಂತಿಯ ದಿನದಂದು ವಾದ್ಯ ನುಡಿಸಬಾರದೆಂಬ ನಿಯಮದಿಂದಲೂ ಅವರ ಪ್ರಾರ್ಥನಾಮಂದಿರಗಳಲ್ಲಿ ವಾದ್ಯಗಳು ಮೌನವಾದವು. ಉಳಿದದ್ದು ಕೊರಳೊಂದೇ. ಸಾಂಪ್ರದಾಯಿಕ ಮಂದಿರಗಳಲ್ಲಿ ಇಂದಿಗೂ ಸಬ್ಬತ್ತಿನ ಪ್ರಾರ್ಥನೆ ಬರಿಯ ಕಂಠದಿಂದಲೇ ನಡೆಯುವುದು.

ಅವರ ಧರ್ಮಗ್ರಂಥವಾದ ತೋರಾವನ್ನು ಸುಮ್ಮನೆ ಓದುವುದಿಲ್ಲ, ರಾಗವಾಗಿ ಓದುವರು. ಪದಗಳ ಮೇಲೂ ಕೆಳಗೂ ಇಡುವ ಸಣ್ಣ ಚಿಹ್ನೆಗಳು ದನಿ ಎಲ್ಲಿ ಏರಬೇಕು, ಎಲ್ಲಿ ತಂಗಬೇಕು, ಯಾವ ಅಕ್ಷರಕ್ಕೆ ಒತ್ತು ಬೀಳಬೇಕು ಎಂಬುದನ್ನು ತಿಳಿಸುವುವು. ಇವಕ್ಕೆ 'ತಆಮೀಮ್' ಎಂದು ಹೆಸರು; 'ತಆಮ್' ಎಂದರೆ ರುಚಿ ಎಂದೂ ಅರ್ಥವುಂಟು. ಸುಮಾರು 10ನೆಯ ಶತಮಾನದ ಹೊತ್ತಿಗೆ ಟೈಬೀರಿಯಾಸ್ ಪಟ್ಟಣದ ವಿದ್ವಾಂಸರು ಈ ಪದ್ಧತಿಯನ್ನು ಪೂರ್ಣಗೊಳಿಸಿದರು. ಆದರೆ ಮಂದಿರದಲ್ಲಿ ಬಿಚ್ಚಿ ಓದುವ ತೊಗಲಿನ ಸುರುಳಿಯಲ್ಲಿ ಈ ಚಿಹ್ನೆಗಳಿರುವುದಿಲ್ಲ. ಸ್ವರಾಕ್ಷರದ ಗುರುತುಗಳೂ ಇರುವುದಿಲ್ಲ. ಓದುವವನು ಎರಡನ್ನೂ ಮೊದಲೇ ಕಲಿತು ನೆನಪಿನಲ್ಲಿಟ್ಟುಕೊಂಡು ಬರಬೇಕು. ರಾಗ ತಪ್ಪಿದರೆ ವಾಕ್ಯದ ಅನ್ವಯವೇ ತಪ್ಪೀತು. ವಾರಕ್ಕೊಂದು ಭಾಗದಂತೆ ಗ್ರಂಥವೆಲ್ಲ ಓದಿ ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುವುದು. ಹದಿಮೂರು ತುಂಬಿದ ಹುಡುಗನು ಸಭೆಯ ಮುಂದೆ ನಿಂತು ಹೀಗೆ ಓದುವುದೇ ಅವನು ದೊಡ್ಡವನಾದುದರ ಗುರುತು. ಹೀಗೆ ಪ್ರತಿಯೊಂದು ತಲೆಮಾರಿಗೂ ಹಾಡಲೇಬೇಕಾದ ಸಂದರ್ಭ ಒದಗುತ್ತ ಬಂದಿತು.

ಹಾಡು ಮಂದಿರದಲ್ಲಿಯೇ ನಿಲ್ಲಲಿಲ್ಲ. ಸಬ್ಬತ್ತಿನ ಊಟದ ಮೇಜಿನ ಸುತ್ತ ಮನೆಮಂದಿಯೆಲ್ಲ ಹಾಡುವರು. 18ನೆಯ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಹುಟ್ಟಿದ ಹಸೀದ ಪಂಥದವರು ಮಾತೇ ಇಲ್ಲದ ರಾಗಗಳನ್ನು ಭಕ್ತಿಯ ಸಾಧನವಾಗಿ ಬೆಳೆಸಿದರು. ಅಳುವಿಗೂ ಸ್ಥಾನವಿದ್ದಿತು: ಹೆಂಡತಿ ತೀರಿಕೊಂಡರೆ ಕಡುಬಡವನೂ ಎರಡು ಕೊಳಲುಗಳನ್ನೂ ಒಬ್ಬಳು ಶೋಕ ಹಾಡುವವಳನ್ನೂ ಗೊತ್ತುಮಾಡಬೇಕೆಂಬ ಅಭಿಪ್ರಾಯ ಅವರ ಪ್ರಾಚೀನ ಧರ್ಮಶಾಸ್ತ್ರದಲ್ಲಿದೆ.

ನಮ್ಮ ದೇಶಕ್ಕೆ ಇದು ಅಪರಿಚಿತವಲ್ಲ. ವೇದಪಾಠಿಗಳು ಉದಾತ್ತ, ಅನುದಾತ್ತ, ಸ್ವರಿತಗಳೊಡನೆ ಪಾಠವನ್ನು ಬಾಯಿಂದ ಬಾಯಿಗೆ ದಾಟಿಸಿದರು. ಎರಡು ಕಡೆಯಲ್ಲಿಯೂ ಒಂದೇ ತತ್ತ್ವ ಕೆಲಸ ಮಾಡಿದೆ: ರಾಗವು ಮಾತನ್ನು ನೆನಪಿಗೆ ಕಟ್ಟಿಹಾಕುವುದು. ಒಂದು ಪದ ಬಿಟ್ಟುಹೋದರೆ ಧಾಟಿ ಎಡವುವುದು. ಕಿವಿ ಕೂಡಲೇ ಎಚ್ಚರಿಸುವುದು.

ಕೊಚ್ಚಿಯ ಹೆಂಗಸರ ಪುಸ್ತಕಗಳು

ಆದರೆ ಯೆಹೂದ್ಯರ ಹಾಡುಗಳೆಲ್ಲವೂ ಹೀಗೆ ಸುರಕ್ಷಿತವಾಗಿ ಉಳಿಯಲಿಲ್ಲ. ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ಶತಮಾನಗಳಿಂದ ನೆಲಸಿದ್ದ ಯೆಹೂದ್ಯರ ಕಥೆ ಇದಕ್ಕೆ ನಿದರ್ಶನ. ಅಲ್ಲಿನ ಹೆಂಗಸರು ಮದುವೆ ಹಬ್ಬಗಳಲ್ಲಿ ಮಲಯಾಳ ಭಾಷೆಯ ಹಾಡುಗಳನ್ನು ಹಾಡುತ್ತಿದ್ದರು. ಅವನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ತಾಯಿಯಿಂದ ಮಗಳಿಗೆ ಕೊಡುತ್ತಿದ್ದರು. 1950ರ ದಶಕದಲ್ಲಿ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ವಲಸೆಹೋದರು. ಅಲ್ಲಿ ಮಕ್ಕಳು ಹೀಬ್ರೂ ಕಲಿತರು. ಮಲಯಾಳದ ಹಾಡಿಗೆ ಸಂದರ್ಭವಿಲ್ಲದಾಯಿತು. ಪುಸ್ತಕಗಳು ಪೆಟ್ಟಿಗೆಯಲ್ಲಿ ಉಳಿದವು. ಆದರೆ ಪುಸ್ತಕದಲ್ಲಿ ಮಾತು ಮಾತ್ರವಿದ್ದಿತು. ಧಾಟಿ ಇದ್ದುದು ಕೆಲವು ವೃದ್ಧೆಯರ ಕೊರಳಿನಲ್ಲಿ. 1970ರ ದಶಕದಿಂದ ಸಂಶೋಧಕರು ಆ ವೃದ್ಧೆಯರನ್ನು ಹುಡುಕಿ ಹಾಡಿಸಿ ಧ್ವನಿಮುದ್ರಿಸಿಕೊಂಡರು. 2004ರಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಸಂಗೀತ ಸಂಶೋಧನ ಕೇಂದ್ರವು ಅವನ್ನು ಅಡಕಮುದ್ರಿಕೆಯಾಗಿ ಹೊರತಂದಿತು. ಮುದುಕಿಯರು ಗುಂಪು ಕಟ್ಟಿ ಮತ್ತೆ ಹಾಡತೊಡಗಿದ್ದು ಇದರಿಂದಾದ ಇನ್ನೊಂದು ಲಾಭ.

ನಮ್ಮ ಪಾಲಿನ ಕೆಲಸ

ಕನ್ನಡದಲ್ಲಿಯೂ ಪದಗಳನ್ನು ಕಾಯ್ದಿಟ್ಟ ಮಹನೀಯರಿದ್ದಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಮನೆಮನೆಯ ಹೆಂಗಸರಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಪ್ರಕಟಿಸಿದರು. ಆ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಅಕ್ಷರದಲ್ಲಿ ಹಿಡಿಯಲಾಗದ ಅಂಶವೊಂದು ಹಾಡಿನಲ್ಲಿದೆಯೆಂಬುದನ್ನು ನಾವು ಈಗ ಬಲ್ಲೆವು. ಎಳೆತ, ಏರಿಳಿತ, ಉಸಿರು ನಿಲ್ಲುವ ತಾಣ ಇವು ಮುದ್ರಿತ ಪುಟದಲ್ಲಿ ಕಾಣವು. ನಮ್ಮ ಜನಪದದ ಹಾಡಿಗೆ ತೋರಾದಂತೆ ಚಿಹ್ನೆಗಳೂ ಇಲ್ಲ, ವೇದದಂತೆ ಪಾಠಶಾಲೆಯೂ ಇಲ್ಲ.

ಇಂದು ಒಬ್ಬ ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲು ಹಿಂದಿನ ಸಂಶೋಧಕರು ಹೊತ್ತು ತಿರುಗಿದ ಯಂತ್ರಗಳಿಗಿಂತ ಚೆನ್ನಾಗಿ ದನಿಯನ್ನು ಹಿಡಿಯಬಲ್ಲದು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಅಜ್ಜಿಯರು ಸಾಲಗುಂದ, ಮಸ್ಕಿ, ಲಿಂಗಸುಗೂರಿನ ಸುತ್ತಣ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಸಿಕ್ಕಾರು. ಅವರ ಒಪ್ಪಿಗೆ ಪಡೆದು ಹಾಡಿಸಿರಿ. ಗದ್ದಲವಿಲ್ಲದ ಕೋಣೆಯಲ್ಲಿ, ಯಂತ್ರವನ್ನು ಬಾಯಿಗೆ ಒಂದು ಗೇಣು ದೂರದಲ್ಲಿರಿಸಿ ಮುದ್ರಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಕೆಲಸದಲ್ಲಿ ಹಾಡುತ್ತಿದ್ದರು ಎಂಬುದನ್ನು ಬರೆದಿಡಿರಿ. ಸಾಧ್ಯವಾದರೆ ಮೂಲೆಯಲ್ಲಿ ಬಿದ್ದ ಬೀಸುವ ಕಲ್ಲನ್ನು ಒರೆಸಿ ಮುಂದಿರಿಸಿರಿ. ಗೂಟಕ್ಕೆ ಕೈ ತಗಲಿದೊಡನೆ ಮರೆತುಹೋದ ಸಾಲುಗಳು ನೆನಪಿಗೆ ಬರುವುದುಂಟು.

ಮುದ್ರಿಸಿದ ಮೇಲೆ ಇನ್ನೊಂದು ಕೆಲಸ ಉಳಿಯುವುದು. ಅಜ್ಜಿ ಹಾಡಿದುದನ್ನು ಅವಳೆದುರಿಗೇ ತಿರುಗಿ ಹಾಡಿ, ತಪ್ಪಿದಲ್ಲಿ ತಿದ್ದಿಸಿಕೊಳ್ಳಬೇಕು. ಯಂತ್ರದಲ್ಲಿಟ್ಟ ದನಿ ಯಾರಾದರೂ ಕೇಳುವವರೆಗೆ ಮಲಗಿರುವುದು. ಮೊಮ್ಮಗಳ ಕೊರಳನ್ನು ಸೇರಿದ ದನಿ ನಾಳೆ ಅವಳು ತೊಟ್ಟಿಲು ತೂಗುವಾಗ ತಾನಾಗಿ ಹೊರಡುವುದು.